ನಾಲ್ಕು ಸಲ ಒಂಬತ್ತು

ಮೆಲೈನ ಊರಿನಲ್ಲಿ ಬೆಳಗಾಗಬೇಕಾದರೆ ಸೂರ್ಯ ಹುಟ್ಟಿದರೆ ಸಾಲದು, ಅಗಾಸಿಯ ಕೂಗಬೇಕಾಗಿತ್ತು. ಊರಿನ ನೆತ್ತಿಯ ಮೇಲಿರುವ ಬೋಳುಬಂಡೆಯನ್ನು ಹತ್ತಿ, ಕೆಳಗೆ ಕಟ್ಟೆಯ ಬಳಿ ನಿಂತ ಜನಕ್ಕೆ ಕೇಳುವಂತೆ ಅವನು “ಇವತ್ತು ಆರು” ಎಂದರೆ ಆರು, “ಏಳು” ಎಂದರೆ ಏಳು. ತಿಂಗಳು ಹುಟ್ಟುವ ಸಂಜೆ ಅದೇ ಬಂಡೆಯ ಮೇಲೆ ಕೂತು, ಪಡುವಣ ಬೆಟ್ಟದ ಅಂಚಿನಲ್ಲಿ ಎಳೆಚಂದ್ರ ಕಾಣುವವರೆಗೆ ಕಣ್ಣು ಕೀಲಿಸಿ ಕಾಯುತ್ತಿದ್ದ. ಕಂಡ ಕೂಡಲೇ ಎದ್ದು ನಿಂತು, ಅಪ್ಪ ಹೇಳಿಕೊಟ್ಟ ಪದವನ್ನು ಎರಡು ಕೈ ಬಾಯಿಗೆ ಹಿಡಿದು ಕೂಗುತ್ತಿದ್ದ:

ಕಂಡೆ ಕಂಡೆ ಬೆಳ್ಳಿ ಕುಡುಗೋಲು,
ಕಣದ ತಾಯಿಗೆ ಕಾಣಿಸಿತು;
ಹಳೆಯ ತಿಂಗಳು ಮಣ್ಣಿಗೆ ಬಿತ್ತು,
ಹೊಸದು ಇಂದಿಗೆ ಒಂದಾಯಿತು.

ಅವನ ಮನೆತನದಲ್ಲಿ ಏಳು ತಲೆಮಾರಿನಿಂದ ಬಂದ ಕೆಲಸ ಅದು. ಓದು ಬರಹ ಅವರಿಗೆ ಗೊತ್ತಿರಲಿಲ್ಲ. ಯಾವ ದಿನ ಯಾವ ದೇವರಿಗೆ ಏನು, ಯಾವ ತಿಂಗಳಲ್ಲಿ ಬಿತ್ತಬೇಕು, ಯಾವ ದಿನ ಹೆಣ್ಣು ಕೊಡಬಾರದು, ಎಲ್ಲವೂ ಪದವಾಗಿ ಕಿವಿಯಿಂದ ಕಿವಿಗೆ ಬಂದಿತ್ತು.

ಗ್ರೀಕರ ಊರುಗಳಲ್ಲಿ ಒಂದೊಂದಕ್ಕೂ ಅದರದೇ ದೇವರು, ಅದರದೇ ನ್ಯಾಯ, ಅದರದೇ ದಿನ. ಒಂದೇ ಚಂದ್ರನನ್ನು ನೋಡಿದರೂ ಹಬ್ಬಕ್ಕೆ ಬೇಕೆಂದು ಒಂದೂರಿನವರು ದಿನ ತಡೆಯುವರು, ಇನ್ನೊಂದೂರಿನವರು ಹಾರಿಸುವರು. ಬೆಟ್ಟದ ಕೆಳಗಿನ ಪೆತ್ರೈ ಊರು ಒಂದು ಗಳಿಗೆ ನಡಿಗೆಯಷ್ಟೇ ದೂರ. ಅಲ್ಲಿಯ ದಿನ ಮಾತ್ರ ಯಾವಾಗಲೂ ಎರಡು ಹೆಜ್ಜೆ ಮುಂದೆ. “ಪೆತ್ರೈಯವರು ಹಸಿದವರು, ನಾಳಿದ್ದಿನ ರೊಟ್ಟಿ ಇವತ್ತೇ ತಿಂತಾರೆ” ಎಂದು ಮೆಲೈನದವರು ಆಡಿಕೊಳ್ಳುತ್ತಿದ್ದರು. ಹೇಸರಗತ್ತೆ ಹೊಡೆಯುವ ಬಾತ್ತನಂತೂ, “ಪೆತ್ರೈಲಿ ಸತ್ತೋನು ನಮ್ಮೂರಿಗೆ ಬಂದ್ರೆ ಇನ್ನೂ ಎರಡು ದಿನ ಬದುಕಿರ್ತಾನೆ” ಎಂದು ಸಂತೆಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದ. ಅಗಾಸಿಯನ ಹೆಂಡತಿ ನಿಕಾರೆತೆಯ ತವರು ಅದೇ ಪೆತ್ರೈ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವಳು ಈ ಮಾತಿಗೆ ನಕ್ಕಿರಲಿಲ್ಲ, ಮುನಿದೂ ಇರಲಿಲ್ಲ.

ಅವರಿಗಿದ್ದವನು ಒಬ್ಬನೇ ಮಗ, ದೆಕ್ಸಿಪ. ಇಪ್ಪತ್ತು ವರ್ಷ. ಪದವೆಲ್ಲ ಬಾಯಿಗೆ ಬಂದಿತ್ತು, ಆದರೆ ದನಿ ಸಣ್ಣದು. ಬಂಡೆಯ ಮೇಲೆ ನಿಂತು ಅವನು ಕೂಗಿದರೆ ಕಟ್ಟೆಯವರೆಗೆ ಇಳಿಯುತ್ತಿರಲಿಲ್ಲ.

“ಏನಪ್ಪಾ, ಚಂದ್ರನ ಕಿವೀಲಿ ಗುಟ್ಟು ಹೇಳ್ತಿದ್ಯಾ?” ಎಂದು ಬಾತ್ತ ಕೆಳಗಿನಿಂದ ಕಿಚಾಯಿಸುತ್ತಿದ್ದ.

“ಬಿಡು ಬಾತ್ತಣ್ಣ, ದೇವರಿಗೆ ಕೇಳಿದ್ರೆ ಸಾಕು” ಎಂದು ದೆಕ್ಸಿಪ ನಗುತ್ತ ಇಳಿಯುತ್ತಿದ್ದ.

ಆ ಬೇಸಿಗೆಯಲ್ಲಿ ಉತ್ತರದ ಮೆಸಿಡೋನಿಯದ ದೊರೆ ದಂಡು ಕಟ್ಟಿಕೊಂಡು ಕೆಳಗಿಳಿದ. ಅಥೆನ್ಸಿನವರೂ ಥೀಬ್ಸಿನವರೂ ಹಳೆಯ ಹಗೆ ಬಿಟ್ಟು ಒಂದಾಗಿ ಅವನನ್ನು ತಡೆಯಲು ಕೈರೋನಿಯದ ಬಯಲಿಗೆ ಹೊರಟರು. ಮೆಲೈನದಿಂದಲೂ ನಲವತ್ತು ಮಂದಿ ಹೋದರು, ಪೆತ್ರೈಯಿಂದಲೂ ಅಷ್ಟೇ. ದೆಕ್ಸಿಪ ತಾತನ ಗುರಾಣಿ ಹೊತ್ತು ಹೊರಟ ಬೆಳಿಗ್ಗೆ ನಿಕಾರೆತೆ ಉಣ್ಣೆಯ ದಾರವೊಂದನ್ನು ತೆಗೆದು ಅದಕ್ಕೊಂದು ಗಂಟು ಹಾಕಿದಳು.

“ಅದ್ಯಾಕೆ?” ಎಂದ ಅಗಾಸಿಯ.

“ಅವನು ಹೋಗಿ ಎಷ್ಟು ದಿನ ಆಯ್ತು ಅಂತ ತಿಳೀಲಿ ಅಂತ.”

“ನಾನಿಲ್ವಾ ದಿನ ಎಣಿಸೋಕೆ?”

“ನೀವು ಊರಿಗೆ ಎಣಿಸ್ತೀರಿ” ಎಂದಳು ನಿಕಾರೆತೆ.

ಬೆಟ್ಟದ ಹೊಲದ ಜವೆಗೋಧಿ ಕಣಕ್ಕೆ ಬಂದಿತ್ತು. ಆ ತಿಂಗಳ ಹತ್ತನೇ ದಿನ ಕಣದ ತಾಯಿ ದೆಮೆತ್ರೆಗೆ ಮೊದಲ ತೆನೆ, ಹನ್ನೊಂದನೇ ದಿನ ಹೊಸ ಹಿಟ್ಟಿನ ಮೊದಲ ರೊಟ್ಟಿ. ಅಲ್ಲಿಯವರೆಗೆ ಊರಿನಲ್ಲಿ ಯಾರೂ ಹೊಸ ಕಾಳನ್ನು ನಾಲಿಗೆಗೆ ತಾಗಿಸುವಂತಿಲ್ಲ. ತೆನೆಯ ಬುಟ್ಟಿ ಹೊರುವವರು ಮದುವೆಯಾಗದ ಗಂಡುಮಕ್ಕಳು, ಅವರೆಲ್ಲ ದಂಡಿಗೆ ಹೋಗಿದ್ದರು. ಒಂಬತ್ತನೇ ದಿನ ಊರ ಹಿರಿಯ ಸ್ತ್ರಾತೋನ ಅಗಾಸಿಯನ ಮನೆಗೆ ಬಂದ.

“ಅಗಾಸಿಯಣ್ಣ, ಹುಡುಗರು ಬರೋವರೆಗೂ ದಿನ ತಡಿ.”

ದಿನ ತಡೆಯುವುದು ಹೊಸತೇನಲ್ಲ. ಮರುದಿನ ಬೆಳಿಗ್ಗೆ ಹತ್ತು ಎನ್ನುವ ಬದಲು ಮತ್ತೆ ಒಂಬತ್ತು ಎಂದು ಕೂಗಿದರಾಯಿತು. ಅಗಾಸಿಯನ ಅಪ್ಪನೂ ತಡೆದದ್ದುಂಟು. ತಡೆದಾಗಲೆಲ್ಲ, ‘ದೇವರಿಗೆ ಎಲೆ ಹಾಕಿ ಅನ್ನ ಬಡಿಸದೆ ಕೂರಿಸಿದಂತೆ ಕಣಪ್ಪ ಇದು’ ಎಂದು ಆ ಮುದುಕ ಗೊಣಗುತ್ತಿದ್ದ. ಆದರೆ ಈ ವರ್ಷ ಮೊದಲ ಬುಟ್ಟಿ ಹೊರಬೇಕಾದವನು ದೆಕ್ಸಿಪ. ಅಗಾಸಿಯ ಹೆಚ್ಚು ಯೋಚಿಸಲಿಲ್ಲ. ಮರುದಿನ ಬಂಡೆ ಹತ್ತಿ “ಎರಡನೇ ಒಂಬತ್ತು” ಎಂದು ಕೂಗಿದ.

“ಅಣ್ಣಾ, ನನ್ನ ಹೆಂಡತಿ ತವರಿಗೆ ಹೋಗಿದ್ದಾಳೆ, ಹತ್ತಕ್ಕೆ ಬರ್ತೀನಿ ಅಂದಿದ್ದಾಳೆ” ಎಂದು ಕೆಳಗಿನಿಂದ ಬಾತ್ತ ಕೂಗಿದ. “ಇನ್ನೂ ಒಂದೈದು ಒಂಬತ್ತು ಹಾಕ್ಬಿಡು, ನಿನಗೆ ಪುಣ್ಯ ಬರ್ಲಿ!”

ಕಟ್ಟೆಯ ಸುತ್ತ ಜನ ನಕ್ಕರು. ಮೆಲೈನದವರು ಒಟ್ಟಾಗಿ ನಕ್ಕದ್ದು ಅದೇ ಕೊನೆ. ಅಂದು ಮಧ್ಯಾಹ್ನ ಗುರಾಣಿ ಬಿಸಾಕಿ, ಕಾಲು ಒಡೆದುಕೊಂಡು, ಓಡಿ ಬಂದವರು ಊರು ತಲುಪಿದರು. ನಲವತ್ತರಲ್ಲಿ ಹನ್ನೊಂದು ಮಂದಿ ಬಯಲಿನಲ್ಲೇ ಉಳಿದಿದ್ದರು. ಒಬ್ಬ ಸೆರೆ ಸಿಕ್ಕಿದ್ದ. “ಕೈ ಕಟ್ಟಿ ಸಾಲಲ್ಲಿ ನಿಲ್ಲಿಸಿದ್ರು, ನಾನು ಕಣ್ಣಾರೆ ನೋಡ್ದೆ. ಗಾಯ ಏನೂ ಇರ್ಲಿಲ್ಲ” ಎಂದು ಒಬ್ಬ ನಿಕಾರೆತೆಯ ಮುಂದೆ ಕೂತು ಹೇಳಿದ. ಸೆರೆ ಸಿಕ್ಕಿದ್ದ ಆ ಒಬ್ಬ ದೆಕ್ಸಿಪ.

ಹನ್ನೊಂದು ಮನೆಗಳಲ್ಲಿ ಸೂತಕ. ಹೆಂಗಸರು ಕೂದಲು ಕತ್ತರಿಸಿಕೊಂಡರು. ಸತ್ತವರ ಮೂರನೇ ದಿನದ ಕಾರ್ಯ ಮುಗಿಯುವವರೆಗೆ ಹಬ್ಬ ಮಾಡುವಂತಿಲ್ಲ. ಅಗಾಸಿಯ ಮೂರನೇ ಒಂಬತ್ತನ್ನು ಕೂಗಿದ, ನಾಲ್ಕನೇ ಒಂಬತ್ತನ್ನೂ ಕೂಗಿದ. ಹಳೆಯ ಕಾಳು ಮುಗಿದಿತ್ತು. ಮಕ್ಕಳು ಕಣದ ಅಂಚಿನಲ್ಲಿ ಕೂತು ರಾಶಿಯನ್ನೇ ನೋಡುತ್ತಿದ್ದವು.

ನಾಲ್ಕನೇ ಒಂಬತ್ತಿನ ಸಂಜೆ ದೊರೆಯ ದೂತ ಬಂದ. ಕುದುರೆಯಿಂದ ಇಳಿಯದೆ, ಎಲ್ಲ ಊರುಗಳಲ್ಲಿ ಹೇಳಿ ಹೇಳಿ ಸವೆದ ದನಿಯಲ್ಲಿ ಹೇಳಿದ:

“ಸಣ್ಣ ಊರುಗಳ ಮೇಲೆ ದೊರೆಗೆ ಹಗೆ ಇಲ್ಲ. ಸೆರೆಯಾಳುಗಳನ್ನು ಏನೂ ಕೇಳದೆ ಬಿಡುತ್ತಾರೆ. ಕೆಫಿಸೋಸ್ ಹೊಳೆಯ ಸೇತುವೆ ಹತ್ತಿರ ಬನ್ನಿ. ಆಯಾ ಊರಿನವರೇ ಇಬ್ಬರು ಬಂದು, ‘ಇವನು ನಮ್ಮವನು’ ಅಂತ ಕೈ ಹಿಡಿದು ಕರಕೊಂಡು ಹೋಗಬೇಕು. ಹದಿನೈದನೇ ದಿನ ಹೊತ್ತು ಮುಳುಗೋವರೆಗೆ ಗಡುವು. ಆಮೇಲೆ ಉಳಿದವರು ಆಳು ಮಾರುವ ವ್ಯಾಪಾರಿಗಳ ಪಾಲು.”

ಹೇಳಿ ಕುದುರೆ ತಿರುಗಿಸಿದ. ಸ್ತ್ರಾತೋನ ಬೆರಳು ಮಡಚಿದ. “ಇವತ್ತು ಒಂಬತ್ತು. ಇನ್ನೂ ಆರು ದಿನ ಇದೆ. ಸೇತುವೆಗೆ ಒಂದೂವರೆ ದಿನದ ದಾರಿ. ದೇವರು ದೊಡ್ಡವನು ಅಗಾಸಿಯಣ್ಣ, ನಿನ್ನ ಮಗ ಬಂದ ಅಂತಲೇ ತಿಳ್ಕೋ!”

ಅಗಾಸಿಯ ಮನೆಗೆ ಬಂದಾಗ ನಿಕಾರೆತೆ ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿದ್ದಳು. ರೊಟ್ಟಿ, ಉಪ್ಪಿನ ಆಲಿವ್, ಒಣ ಅಂಜೂರ, ಎಲ್ಲ ಆಗಲೇ ಬುತ್ತಿ ಕಟ್ಟಿಟ್ಟಿದ್ದಳು.

“ಈಗಲೇ ಹೊರಡಿ.”

“ಈಗೆಲ್ಲಿ? ನಾಳೆ ಹತ್ತು ಕೂಗ್ಬೇಕು, ನಾಳಿದ್ದು ಹನ್ನೊಂದು. ನಾನು ಕೂಗದೆ ಊರು ಹೊಸ ಕಾಳು ಮುಟ್ಟೋ ಹಾಗಿಲ್ಲ. ಹನ್ನೆರಡಕ್ಕೆ ಹೊರಟ್ರೆ ಹದಿಮೂರಕ್ಕೆ ಸೇತುವೆ. ಎರಡು ದಿನ ಉಳಿಯುತ್ತೆ.”

“ಚಂದ್ರನ್ನ ನೋಡಿ.”

ಅವನು ನೋಡಲಿಲ್ಲ. ನೋಡದೆಯೂ ಗೊತ್ತಿತ್ತು. ತಡೆದ ದಿನ ತಡೆದದ್ದೇ, ಚಂದ್ರ ನಿಲ್ಲುವುದಿಲ್ಲ.

“ನಮ್ಮ ತವರಲ್ಲಿ ಇವತ್ತು ಹದಿನಾಲ್ಕು” ಎಂದಳು ನಿಕಾರೆತೆ. “ಆ ದೊರೆಯ ಲೆಕ್ಕ ಯಾವುದೋ ಏನೋ. ಹದಿನೈದು ಅಂದ್ರೆ ಯಾರ ಹದಿನೈದು ಅಂತ ಕೇಳಿದ್ರಾ?”

“ಕೇಳೋದೇನು ಬಂತು? ದೂತ ಅಂದ್ಮೇಲೆ ನಿಂತ ಊರಿನ ದಿನದಲ್ಲೇ ಮಾತಾಡ್ಬೇಕು. ಅಥೆನ್ಸಿನೋನು ಬಂದ್ರೂ ಥೀಬ್ಸಿನೋನು ಬಂದ್ರೂ ಹಾಗೇ ಮಾಡಿದ್ದು. ನಮ್ಮಪ್ಪನ ಕಾಲದಿಂದ ಅದೇ ಮರ್ಯಾದೆ.”

“ಆ ಮರ್ಯಾದೆ ಅವರಿಗೆ ಗೊತ್ತಾ?”

ಅಗಾಸಿಯನಿಗೆ ಒಳಗೆಲ್ಲೋ ಚುಚ್ಚಿತು. ಚುಚ್ಚಿದ್ದನ್ನು ಮುಚ್ಚಲು ಊರಿನ ಹಳೆಯ ಹಾಸ್ಯವನ್ನೇ ಎತ್ತಿಕೊಂಡ. “ಪೆತ್ರೈಯವರು ನೀವು ಯಾವಾಗಲೂ ಹಸಿದವರು ಕಣೆ. ನಾಳಿದ್ದಿನ ರೊಟ್ಟಿ ಇವತ್ತೇ ಬೇಕು.”

ನಿಕಾರೆತೆ ಅವನ ಮುಖ ನೋಡಿದಳು. ಬುತ್ತಿಯನ್ನು ಗೂಟಕ್ಕೆ ತೂಗುಹಾಕಿ ಒಳಗೆ ಹೋದಳು.

ಅವನಿಗೆ ಮಗ ಬೇಡವಾಗಿರಲಿಲ್ಲ. ಮಗ ಬರಬೇಕು, ತಾಯಿ ದೆಮೆತ್ರೆ ಅವನನ್ನು ಮರಳಿ ತಂದುಕೊಡಬೇಕು, ಆ ತಾಯಿಯ ದಿನವನ್ನು ಬಿಟ್ಟು ಓಡಿದರೆ ಅವಳು ಕೈ ಬಿಟ್ಟಾಳು ಎನ್ನುವುದೇ ಅವನ ಹೆದರಿಕೆ. ಹತ್ತು ಕೂಗಿದ. ಸೋತು ಬಂದ ಹುಡುಗರು ಮುಂದೆ ಬರಲಿಲ್ಲ, ಮುದುಕರು ಬುಟ್ಟಿ ಹೊತ್ತರು. ಹನ್ನೊಂದು ಕೂಗಿದ. ಹೊಸ ಹಿಟ್ಟಿನ ಮೊದಲ ರೊಟ್ಟಿಯನ್ನು ಮುರಿದು ಮಕ್ಕಳ ಕೈಗೆ ಕೊಡುವಾಗ, ಅವು ಗಬಗಬ ತಿನ್ನುವುದನ್ನು ನೋಡಿ, ತಾನು ಮಾಡಿದ್ದು ಸರಿ ಎಂದು ಎದೆ ತುಂಬಿ ಬಂತು. ಮಗನ ಪಾಲಿನ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಬುತ್ತಿಗೆ ಸೇರಿಸಿದ.

ಹನ್ನೆರಡನೇ ದಿನ ನಸುಕಿಗೇ ಬಾತ್ತನನ್ನೂ ಅವನ ಹೇಸರಗತ್ತೆಯನ್ನೂ ಜೊತೆಗೆ ಕರೆದುಕೊಂಡು ಹೊರಟ. ಹೇಸರಗತ್ತೆ ವಾಪಸು ಬರುವಾಗ ದೆಕ್ಸಿಪನಿಗೆಂದು. ಬಾತ್ತ ದಾರಿಯುದ್ದಕ್ಕೂ ಮಾತಾಡಿದ. “ಅಣ್ಣಾ, ಬಂದ ಕೂಡಲೇ ಅವನನ್ನ ಬಂಡೆ ಮೇಲೆ ಹತ್ತಿಸ್ಬೇಕು. ದಂಡಲ್ಲಿ ಕೂಗಿ ಕೂಗಿ ದನಿ ಬಲಿತಿರುತ್ತೆ ನೋಡು.”

ಮಧ್ಯಾಹ್ನ ಇಳಿಯುವ ಹೊತ್ತಿಗೆ ಎದುರಿನಿಂದ ಒಂದು ಗುಂಪು ಬಂತು. ಪೆತ್ರೈಯವರು. ಮುಂದೆ ನಡೆಯುತ್ತಿದ್ದವನು ನಿಕಾರೆತೆಯ ಅಣ್ಣ ಮೆನೆಕ್ಲ. ಅವನ ಮಗ ಕತ್ತೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ, ಮಣಿಕಟ್ಟಿನಲ್ಲಿ ಹಗ್ಗದ ಗುರುತು.

ಮೆನೆಕ್ಲ ಅಗಾಸಿಯನನ್ನು ಕಂಡು ಅಲ್ಲೇ ನಿಂತ. “ಭಾವ, ನೀವು ಈಗ ಹೋಗ್ತಾ ಇದ್ದೀರಾ?”

“ಹೌದಪ್ಪ. ನಾಳೆ ತಲುಪ್ತೀವಿ. ಇನ್ನೂ ದಿನ ಇದೆಯಲ್ಲ.”

“ನಿಮ್ಮೂರಲ್ಲಿ ಇವತ್ತೆಷ್ಟು?”

“ಹನ್ನೆರಡು.”

ಪೆತ್ರೈಯವರಲ್ಲಿ ಒಬ್ಬನೂ ನಗಲಿಲ್ಲ. ಬೇರೆ ದಿನವಾಗಿದ್ದರೆ ಆ ಒಂದು ಮಾತಿಗೆ ಬೆಟ್ಟದ ತುದಿಯವರೆಗೂ ನಕ್ಕಿರುತ್ತಿದ್ದರು.

“ಭಾವ,” ಎಂದ ಮೆನೆಕ್ಲ ಮೆಲ್ಲಗೆ, “ಅಲ್ಲಿ ಇವತ್ತು ಹದಿನೈದು. ನಾವೂ ನಮ್ಮ ಲೆಕ್ಕ ಹಿಡ್ಕೊಂಡೇ ಹೋದ್ವಿ. ಎರಡು ದಿನ ಮೊದಲೇ ಆಯ್ತು. ಸಿಪಾಯಿಗಳು ನಕ್ಕರು, ಮರದ ಕೆಳಗೆ ಕೂರಿಸಿದ್ರು, ಇವತ್ತು ಬೆಳಿಗ್ಗೆ ಕೊಟ್ರು.” ಅವನು ಅಗಾಸಿಯನ ತೋಳು ಹಿಡಿದುಕೊಂಡ. “ದೆಕ್ಸಿಪನ್ನ ನಾನೇ ಕೇಳ್ದೆ. ಸೋದರಮಾವ ನಾನು, ಕೊಡಿ ಅಂತ ಕಾಲು ಹಿಡ್ದೆ. ನಿನ್ನೂರಿನವನಲ್ಲ, ಅವನ ಊರಿನವರೇ ಬರ್ಬೇಕು ಅಂದ್ರು. ಹೆದರ್ಬೇಡ ಮಗಾ ಅಂದೆ. ಅವನೇ ನನಗೆ ಸಮಾಧಾನ ಹೇಳ್ದ. ‘ಅಪ್ಪ ಬರ್ತಾರೆ ಮಾವ. ಅಪ್ಪ ದಿನ ತಪ್ಪೋರಲ್ಲ’ ಅಂದ.”

ಅಗಾಸಿಯ ಓಡಿದ. ಐವತ್ತಾರು ವರ್ಷದ ಕಾಲುಗಳು ಕಲ್ಲು ದಾರಿಯಲ್ಲಿ ಎಡವಿದವು, ಎದ್ದವು, ಮತ್ತೆ ಎಡವಿದವು. ಬಾತ್ತ ಅವನನ್ನು ಹೇಸರಗತ್ತೆಯ ಮೇಲೆ ಎತ್ತಿ ಕೂರಿಸಿ ಪಕ್ಕದಲ್ಲಿ ಓಡಿದ. ಒಂದು ದಿಣ್ಣೆ ಹತ್ತಿದಾಗ ಬಲಗಡೆ ಸೂರ್ಯ ಬೆಟ್ಟಕ್ಕೆ ತಾಗಿದ. ಅದೇ ಗಳಿಗೆಗೆ ಎಡಗಡೆ, ಸೂರ್ಯನ ನೇರ ಎದುರಿಗೆ, ಕಂಚಿನ ತಟ್ಟೆಯಂತೆ ಚಂದ್ರ ಎದ್ದ. ಅಂಚು ಒಂದು ಚೂರೂ ಮುಕ್ಕಾಗಿರಲಿಲ್ಲ. ಹುಣ್ಣಿಮೆಯನ್ನು ಅವನು ಜೀವಮಾನದಲ್ಲಿ ನೂರಾರು ಸಲ ನೋಡಿದ್ದ. ಈ ಸಲ ನೋಡಲಾರದೆ ಹೇಸರಗತ್ತೆಯ ಕುತ್ತಿಗೆಗೆ ಮುಖ ಹುದುಗಿಸಿದ.

ಸೇತುವೆ ತಲುಪಿದಾಗ ಬೆಳಗಾಗಿತ್ತು. ಹೊಳೆಯ ದಡದಲ್ಲಿ ಗೂಟಗಳು, ತುಳಿದ ಹುಲ್ಲು, ಆರಿದ ಬೂದಿ. ಒಬ್ಬ ಸಿಪಾಯಿ ಡೇರೆಯ ಹಗ್ಗ ಸುತ್ತುತ್ತಿದ್ದ. ಉತ್ತರದವರ ಮಾತು ಅವನದು.

“ಯಾವೂರು ಯಜ್ಜ?”

“ಮೆಲೈನ. ನನ್ನ ಮಗ ದೆಕ್ಸಿಪ ಅಂತ. ಕರಕೊಂಡು ಹೋಗೋಕೆ ಬಂದಿದ್ದೀನಿ. ಇವನು ನಮ್ಮೂರಿನವನೇ, ಇಬ್ಬರಿದ್ದೀವಿ.”

ಸಿಪಾಯಿ ಹಗ್ಗ ಕೆಳಗಿಟ್ಟ. “ನಿನ್ನಿಗೆ ಹದಿನೈದು ಮುಗೀತಲ್ಲ ಯಜ್ಜ.”

“ನಮ್ಮೂರಲ್ಲಿ ಇವತ್ತು ಹದಿಮೂರು.”

“ಊರಿಗೊಂದು ದಿನಾ ಇಟ್ಕೊಂಡು ಕುಂತ್ರ ನಾವೇನು ಮಾಡೂಣು? ನಮ್ಮ ದೊರಿಗೆ ಒಂದ ದಿನ.” ಬೈಯುವ ದನಿ ಅದಾಗಿರಲಿಲ್ಲ. “ಮೆಲೈನ, ಮೆಲೈನ ಅಂತ ಮೂರು ಸಲ ಕೂಗಿಸಿದ್ವಿ. ಆ ಹುಡುಗ ಹೊತ್ತು ಮುಳುಗೂತನಕ ದಾರಿ ನೋಡ್ಕೋತ ನಿಂತಿದ್ದ. ಕಡೀಕ ಏನೋ ಹಾಡ್ಕೋತಿದ್ದ. ಕುಡುಗೋಲು, ಕಣಾ, ಅಂಥದ್ದೇನೋ. ದನಿ ಸಣ್ಣದು, ನೆಟ್ಟಗ ಕೇಳಿಸ್ಲಿಲ್ಲ.”

“ಎಲ್ಲಿಗೆ ಕರಕೊಂಡು ಹೋದ್ರು?”

“ಸಮುದ್ರದ ಕಡೆ. ಹಡಗು ಹತ್ತಿಸ್ತಾರ. ಅಲ್ಲಿಂದ ಮುಂದ ಯಾರಿಗೆ ಗೊತ್ತು?” ಸಿಪಾಯಿ ನೀರಿನ ಕುಡಿಕೆಯನ್ನು ಮುಂದೆ ಚಾಚಿದ. “ಕುಡಿ ಯಜ್ಜ. ನನಗೂ ಊರಾಗ ಅಪ್ಪ ಇದ್ದಾನ.”

ಅಗಾಸಿಯ ನೀರು ಮುಟ್ಟಲಿಲ್ಲ. ಬುತ್ತಿ ಬಿಚ್ಚಿ, ಮಗನ ಪಾಲಿನ ರೊಟ್ಟಿ ತುಂಡನ್ನು ಒಂದು ಗೂಟದ ಮೇಲಿಟ್ಟು, ಬಹಳ ಹೊತ್ತು ಅದರ ಪಕ್ಕದಲ್ಲಿ ಕೂತ. ಸಮುದ್ರ ಎಷ್ಟು ದೂರ ಎಂದು ಬಾತ್ತ ಕೇಳಿಕೊಂಡು ಬಂದ. ಇಬ್ಬರೂ ಮೂರು ದಿನ ನಡೆದು ದಡಕ್ಕೆ ಹೋದರು. ಹಡಗುಗಳು ಆಗಲೇ ಹೋಗಿದ್ದವು. ಬಂದರಿನ ಜನ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿದರು.

ಊರಿಗೆ ಬಂದಾಗ ನಿಕಾರೆತೆ ಬಾಗಿಲಲ್ಲಿ ನಿಂತಿದ್ದಳು. ಹೇಸರಗತ್ತೆಯ ಖಾಲಿ ಬೆನ್ನು ನೋಡಿದಳು. ಅಳಲಿಲ್ಲ, ಬೈಯಲಿಲ್ಲ. ಅವನಿಗೆ ಕಾಲು ತೊಳೆಯಲು ನೀರು ತಂದಿಟ್ಟಳು.

ಊರಿನಲ್ಲೂ ಯಾರೂ ಬೈಯಲಿಲ್ಲ. ಹೊಸ ಕಾಳು ತಿಂದ ಬಾಯಿ ಅವರದು, ಬೈಯುವುದಾದರೂ ಹೇಗೆ? ಅಗಾಸಿಯ ಬೆಳಿಗ್ಗೆ ಬೆಳಿಗ್ಗೆ ಬಂಡೆ ಹತ್ತಿ ದಿನ ಕೂಗುತ್ತಿದ್ದ. ಬಾತ್ತ ಕೆಳಗೆ ನಿಂತು ಕೇಳುತ್ತಿದ್ದ, ತಮಾಷೆ ಮಾಡುತ್ತಿರಲಿಲ್ಲ. ಬಯಲಿನಲ್ಲಿ ಸತ್ತ ಹನ್ನೊಂದು ಮಂದಿಗೆ, ಅವನು ಬರಲೆಂದು ತಡೆದಿದ್ದ ಒಂಬತ್ತನೇ ದಿನದ ಎಡೆ ಆಯಿತು, ಮೂವತ್ತನೇ ದಿನದ ಎಡೆಯೂ ಆಯಿತು. ಎರಡನ್ನೂ ಅಗಾಸಿಯನೇ ಎಣಿಸಿ ಹೇಳಿದ. ಸತ್ತವರಿಗೆ ದಿನಗಳಿವೆ. ಮಾರಾಟವಾದವನಿಗೆ ಯಾವ ದಿನ? ಏಳು ತಲೆಮಾರಿನ ಪದಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡು ಹುಡುಕಿದ. ಅಂಥದೊಂದು ದಿನದ ಪದ ಇರಲಿಲ್ಲ. ಮನೆಯ ಮೂಲೆಯಲ್ಲಿ ನಿಕಾರೆತೆಯ ದಾರ ಮಾತ್ರ ಉದ್ದವಾಗುತ್ತಿತ್ತು.

ಚಳಿಗಾಲದಲ್ಲಿ ದೂತ ಮತ್ತೆ ಬಂದ. ಗ್ರೀಕರ ಊರುಗಳೆಲ್ಲ ಕೊರಿಂಥದಲ್ಲಿ ಸಭೆ ಸೇರಿವೆ, ಇನ್ನು ಊರು ಊರಿನ ನಡುವೆ ಯುದ್ಧವಿಲ್ಲ, ಎಲ್ಲರಿಗೂ ಶಾಂತಿ ಒಂದೇ, ಮುಂದಾಳು ಒಬ್ಬನೇ, ಊರೂರಿನವರೂ ಕೈ ಎತ್ತಿ ಆಣೆ ಇಡಬೇಕು ಎಂದ. “ಬರುವ ತಿಂಗಳ ಒಂದನೇ ದಿನ.”

ಈ ಸಲ ಸ್ತ್ರಾತೋನ ಕೇಳಿದ. “ಯಾರ ಒಂದು ಸ್ವಾಮಿ?”

“ದೊರೆಯದು.”

ಸ್ತ್ರಾತೋನ ತಲೆಯಾಡಿಸಿದ. ಆಮೇಲೆ ಅಗಾಸಿಯನ ಬಳಿ ಬಂದು ಕಣ್ಣು ತಪ್ಪಿಸಿ ನಿಂತ. “ಶಾಂತಿ ಒಳ್ಳೇದೇ ಅಲ್ವಾ ಅಣ್ಣ? ಇನ್ನು ಹುಡುಗರು ದಂಡಿಗೆ ಹೋಗೋದು ತಪ್ಪುತ್ತೆ.”

“ಒಳ್ಳೇದು” ಎಂದ ಅಗಾಸಿಯ. “ಒಂದು ಬೇಸಿಗೆ ಮೊದಲು ಬಂದಿದ್ರೆ ಇನ್ನೂ ಒಳ್ಳೇದಿತ್ತು.”

ಆ ಒಂದನೇ ದಿನದ ಸಂಜೆ ಅವನು ಬಂಡೆ ಹತ್ತಿದ. ಚಳಿಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಪಡುವಣ ಬೆಟ್ಟದ ಮೇಲೆ ಇನ್ನೂ ಏನೂ ಕಂಡಿರಲಿಲ್ಲ. ಅಷ್ಟರಲ್ಲಿ ಕೆಳಗಿನಿಂದ ದೊಡ್ಡ ದನಿ ಎದ್ದಿತು. ದೂತ ಹೇಳಿಕೊಡುತ್ತಿದ್ದ, ಊರು ಕೈ ಎತ್ತಿ ಹೇಳುತ್ತಿತ್ತು. ಸ್ತ್ರಾತೋನನ ಗಡಸು ದನಿ, ಬಾತ್ತನ ಒಡಕು ದನಿ, ಬೆಟ್ಟದ ಕೆಳಗೆ ದೂರದಲ್ಲಿ ಪೆತ್ರೈಯವರದೂ ಇರಬೇಕು, ಅದೇ ಹೊತ್ತಿಗೆ ಅದೇ ಮಾತು. ಅಗಾಸಿಯನ ಆಯುಸ್ಸಿನಲ್ಲಿ ಆ ಎರಡು ಊರುಗಳಿಗೆ ಒಂದೇ ದಿನವಾದದ್ದು ಅದೇ ಮೊದಲು. ಅವನು ಕೂಗುವ ಮೊದಲೇ ಅಲ್ಲಿ ಒಂದು ಆಗಿಹೋಗಿತ್ತು.

ಆಣೆ ಮುಗಿದು ಜನ ಚದುರಿದ ಮೇಲೆ ಎಳೆಚಂದ್ರ ಕಂಡ. ಉಗುರಿನಂಥ ತೆಳುವಾದ ಗೆರೆ. ಅಗಾಸಿಯ ಎದ್ದು ನಿಂತು ಎರಡು ಕೈ ಬಾಯಿಗೆ ಹಿಡಿದ. ಕಂಡೆ ಕಂಡೆ ಎನ್ನಲು ಹೋದ. ಮಗನ ದನಿಯಷ್ಟೇ ಸಣ್ಣದೊಂದು ದನಿ ಹೊರಟು ತುಟಿಯ ಹತ್ತಿರವೇ ನಿಂತಿತು. ಕೈ ಇಳಿಸಿ, ಕತ್ತಲಾಗುವ ಮೊದಲೇ ಇಳಿದು ಬಂದ.

ನಿಕಾರೆತೆ ಒಲೆಯ ಮುಂದೆ ಕೂತು ದಾರವನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು. ಅವನು ಬಾಗಿಲಲ್ಲೇ ನಿಂತ. ಹುಟ್ಟಿದಂದಿನಿಂದ ಯಾರನ್ನೂ ಕೇಳದ ಮಾತನ್ನು ಕೇಳಿದ.

“ಇವತ್ತು ಎಷ್ಟು?”

ನಿಕಾರೆತೆ ತಲೆ ಎತ್ತಿದಳು. “ನೂರ ನಲವತ್ತೆಂಟು.”

ಅವನು ಬಂದು ಅವಳ ಪಕ್ಕದಲ್ಲಿ ಕೂತ. ಅವಳು ದಾರದ ತುದಿಯನ್ನು ಅವನ ಕೈಗೆ ಕೊಟ್ಟಳು. ಇವತ್ತಿನ ಗಂಟು ಇನ್ನೂ ಹಾಕಿರಲಿಲ್ಲ. ಅವನ ಬೆರಳು ಚಳಿಗೆ ಮರಗಟ್ಟಿದ್ದವು. ಹೇಗೋ ಸುತ್ತಿ ಎಳೆಯಲು ಹೋದ.

“ಬಿಗಿಯಾಗಿ ಹಾಕ್ಬೇಡಿ” ಎಂದಳು ನಿಕಾರೆತೆ. “ಬಂದ ದಿನ ಬಿಚ್ಬೇಕು.”